ಕಾಸರಗೋಡಿನಲ್ಲಿ ಅಚ್ಚಾದ ಆಂಗ್ರ್: ಕ್ಯಾನ್ವಾಸಿಗಿಂತ ಕಾಗದವೇ ಸೈ

ಹಳೆಯ ಐರೋಪ್ಯ ತೈಲಚಿತ್ರವೊಂದರ ಪ್ರತಿ ಮನೆಯ ಗೋಡೆಗೆ ಬೇಕೆಂದು ನಮ್ಮ ಊರಿನ ಯಾವ ಡಿಜಿಟಲ್ ಮುದ್ರಣದ ಅಂಗಡಿಗೆ ಹೋದರೂ ಮೊದಲು ಸಿಗುವ ಸಲಹೆ ಒಂದೇ: ಕ್ಯಾನ್ವಾಸಿನಲ್ಲಿ ಹಾಕಿಸಿ. ಮೂಲಚಿತ್ರ ಕ್ಯಾನ್ವಾಸಿನ ಮೇಲಿದೆ, ಹಾಗಾಗಿ ಪ್ರತಿಯೂ ಕ್ಯಾನ್ವಾಸಿನ ಮೇಲಿದ್ದರೆ ಅಸಲಿಗೆ ಹತ್ತಿರವಾಗುತ್ತದೆ ಎಂಬ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಫ್ರಾನ್ಸಿನ ಝಾನ್ ಒಗ್ಯುಸ್ತ್ ದೊಮಿನಿಕ್ ಆಂಗ್ರ್ ಎಂಬ ಚಿತ್ರಕಾರನ ಮಟ್ಟಿಗೆ ಈ ತರ್ಕ ನಿಲ್ಲುವುದಿಲ್ಲ. ಆತ 1851ರಿಂದ 1853ರ ನಡುವೆ ಬರೆದ ರಾಜಕುಮಾರಿ ಡಿ ಬ್ರಾಗ್ಲಿಯ ಭಾವಚಿತ್ರವನ್ನು ಕಾಸರಗೋಡು ಹಳೆ ಬಸ್ ನಿಲ್ದಾಣದ ಆಸುಪಾಸಿನ ಒಂದು ಅಂಗಡಿಯಲ್ಲಿ ಕ್ಯಾನ್ವಾಸಿನ ಮೇಲೊಂದು, ಒರಟಿಲ್ಲದ ದಪ್ಪ ಕಾಗದದ ಮೇಲೊಂದು ಮುದ್ರಣ ಮಾಡಿಸಿ, ಎರಡಕ್ಕೂ ಕಟ್ಟು (ಫ್ರೇಮ್) ಹಾಕಿಸಿ, ಒಂದೇ ಗೋಡೆಯಲ್ಲಿ ಅಕ್ಕಪಕ್ಕ ತೂಗುಹಾಕಿ ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳು ಈ ಕಸುಬಿನ ಬಹುತೇಕ ಅಂಗಡಿಗಳಿಗೆ ಸಲ್ಲುವಂಥವು.

ಇದೇ ಚಿತ್ರ ಯಾಕೆ ಎಂದು ಕೇಳಿದವರಿಗೆ ನಾನು ಕೊಡುವ ಉತ್ತರ ಪಾಠಪುಸ್ತಕದಿಂದ ಬಂದದ್ದು. ಪ್ಲಸ್ ಟು ಭೌತಶಾಸ್ತ್ರ ಓದಿದವರಿಗೆಲ್ಲ ಡಿ ಬ್ರಾಗ್ಲಿ ತರಂಗದೂರ ಗೊತ್ತು. ಚಲಿಸುವ ಪ್ರತಿಯೊಂದು ಕಣಕ್ಕೂ ಒಂದು ಅಲೆ ಉಂಟೆಂದು 1924ರ ತನ್ನ ಪ್ರಬಂಧದಲ್ಲಿ ಹೇಳಿ, 1929ರಲ್ಲಿ ನೊಬೆಲ್ ಪಡೆದ ಲೂಯಿ ಡಿ ಬ್ರಾಗ್ಲಿಯ ಅಜ್ಜಿಯೇ ಈ ಚಿತ್ರದಲ್ಲಿರುವ, ನೀಲಿ ಸ್ಯಾಟಿನ್ ಉಡುಪಿನ ಹೆಂಗಸು. ಆಕೆಯ ಹೆಸರು ಪೋಲಿನ್. 1825ರಲ್ಲಿ ಹುಟ್ಟಿ, 1845ರಲ್ಲಿ ಆಲ್ಬರ್ಟ್ ಡಿ ಬ್ರಾಗ್ಲಿಯನ್ನು ಮದುವೆಯಾಗಿ, ಐದು ಗಂಡುಮಕ್ಕಳನ್ನು ಹೆತ್ತು, 1860ರಲ್ಲಿ ಕ್ಷಯದಿಂದ ತೀರಿಕೊಂಡಳು. ಆಗ ಆಕೆಗೆ ಮೂವತ್ತೈದು ವರ್ಷ. ಗಂಡ ಮುಂದೆ ಫ್ರಾನ್ಸಿನ ಪ್ರಧಾನಮಂತ್ರಿಯಾದರೂ ಮರುಮದುವೆಯಾಗಲಿಲ್ಲ. ಆಕೆಯ ಚಿತ್ರವನ್ನು ಆತ ಪರದೆಯ ಹಿಂದೆ ಇರಿಸಿಕೊಂಡಿದ್ದ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅದು ಕುಟುಂಬದ ಕೈಬಿಟ್ಟು ಹೊರಗೆ ಹೋಗಲಿಲ್ಲ. ಆಮೇಲೆ ಅಮೆರಿಕದ ಸಂಗ್ರಾಹಕ ರಾಬರ್ಟ್ ಲೇಮನ್ ಕೈಸೇರಿ, 1975ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಪಾಲಾಯಿತು.

ಆ ಸಂಗ್ರಹಾಲಯ 2017ರ ಫೆಬ್ರುವರಿಯಲ್ಲಿ ತನ್ನಲ್ಲಿರುವ, ಹಕ್ಕುಸ್ವಾಮ್ಯ ಮುಗಿದ ಮೂರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಯಾವ ಕೆಲಸಕ್ಕಾದರೂ ಬಳಸಬಹುದೆಂದು ಘೋಷಿಸಿತು. ಆಂಗ್ರ್ ಸತ್ತದ್ದು 1867ರಲ್ಲಿ, ಆದ್ದರಿಂದ ಮುದ್ರಿಸುವವನಿಗೂ ಮುದ್ರಿಸಿಕೊಳ್ಳುವವನಿಗೂ ಕಾನೂನಿನ ಅಂಜಿಕೆಯಿಲ್ಲ. ಅಂಗಡಿಯವರಿಗೆ ಇದನ್ನು ಹೇಳಿದಾಗ ನಿರಾಳವಾದರು. ಗೂಗಲಿನಿಂದ ತೆಗೆದ ಚಿತ್ರಗಳನ್ನು ದಿನಾ ಮುದ್ರಿಸುವ ಅವರಿಗೆ ಅಂಜಿಕೆ ಮೊದಲೂ ಇದ್ದಂತೆ ತೋರಲಿಲ್ಲ, ಅದು ಬೇರೆ ಮಾತು.

ಕಡತವನ್ನು ವಾಟ್ಸಾಪಿನಲ್ಲಿ ಕಳುಹಿಸಿ ಎಂಬುದು ಅಂಗಡಿಯ ವಾಡಿಕೆ. ಅದಕ್ಕೆ ಒಪ್ಪಬಾರದು. ಚಿತ್ರವಾಗಿ ಕಳುಹಿಸಿದ್ದನ್ನು ವಾಟ್ಸಾಪ್ ಕುಗ್ಗಿಸಿಬಿಡುತ್ತದೆ. ಇಪ್ಪತ್ತನಾಲ್ಕು ಅಂಗುಲ ಎತ್ತರದ ಪ್ರತಿಗೆ ಅಂಗುಲವೊಂದಕ್ಕೆ 150 ಚುಕ್ಕೆ ಎಂದಿಟ್ಟುಕೊಂಡರೂ ಉದ್ದದ ಬದಿಯಲ್ಲಿ 3600 ಪಿಕ್ಸೆಲ್ ಉಳಿದಿರಬೇಕು. ಪೆನ್ ಡ್ರೈವ್ ಒಯ್ದುಕೊಟ್ಟರೆ ತಕರಾರಿಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿದರೂ ಆದೀತು.

ಅಳತೆಯ ವಿಷಯದಲ್ಲಿ ಮಾತ್ರ ಈ ಚಿತ್ರ ನಮ್ಮ ಅಂಗಡಿಗಳಿಗೆಂದೇ ಬರೆದಂತಿದೆ. ಮೂಲ 121.3 ಸೆಂ.ಮೀ. ಎತ್ತರ, 90.8 ಸೆಂ.ಮೀ. ಅಗಲ. ಕಟ್ಟಿನ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ ಹದಿನೆಂಟು–ಇಪ್ಪತ್ತನಾಲ್ಕು ಅಂಗುಲದ ಅಳತೆ ಹೆಚ್ಚುಕಡಿಮೆ ಅದರ ನಿಖರ ಅರ್ಧ. ಏನನ್ನೂ ಕತ್ತರಿಸಬೇಕಾಗಿಲ್ಲ, ಹಿಗ್ಗಿಸಬೇಕಾಗಿಲ್ಲ. ದೊಡ್ಡದು ಚೆಂದ ಎಂದು ಇಪ್ಪತ್ತನಾಲ್ಕು–ಮೂವತ್ತಾರರ ಅಳತೆಗೆ ಹೋದವರಿಗೆ ಚಿತ್ರದ ಅಗಲವನ್ನು ಎರಡೂ ಬದಿಯಿಂದ ಕೊಯ್ಯಬೇಕಾಗುತ್ತದೆ. ಆಗ ಹೋಗುವುದು ಬರೀ ಗೋಡೆಯಲ್ಲ, ಆಕೆಯ ಲಂಗದ ಹರವು ಮತ್ತು ಒರಗಿ ನಿಂತ ಕುರ್ಚಿಯ ಅಂಚು. ಆಲ್ಬರ್ಟನ ಅಕ್ಕ ಕೌಂಟೆಸ್ ದೊಸೊನ್ವಿಲ್ ಎಂಬವಳನ್ನೂ ಆಂಗ್ರ್ 1845ರಲ್ಲಿ ಬರೆದಿದ್ದಾನೆ. ಅವಳೂ ನೀಲಿ ಉಡುಪಿನಲ್ಲೇ ಇದ್ದಾಳೆ, ಅವಳ ಚಿತ್ರವೂ ನ್ಯೂಯಾರ್ಕಿನಲ್ಲಿ, ಮೆಟ್ರೊಪಾಲಿಟನ್ ಇರುವ ಫಿಫ್ತ್ ಅವೆನ್ಯೂ ಬೀದಿಯದೇ ಫ್ರಿಕ್ ಸಂಗ್ರಹದಲ್ಲಿದೆ. ಈ ಇಬ್ಬರನ್ನೂ ಜೋಡಿಯಾಗಿ ತೂಗುಹಾಕುವ ಆಸೆ ನನಗೂ ಇತ್ತು. ಆದರೆ ಆ ಚಿತ್ರ ಇನ್ನಷ್ಟು ಉದ್ದನೆಯದು, ಸಿದ್ಧ ಅಳತೆಗೆ ಕೂರುವುದಿಲ್ಲ, ಕಟ್ಟನ್ನು ಬೇರೆಯೇ ಮಾಡಿಸಬೇಕು.

ಮುದ್ರಣದ ಗುಣ ತೂಗಬೇಕಾದರೆ ಆಂಗ್ರ್ ಹೇಗೆ ಬರೆಯುತ್ತಿದ್ದ ಎಂದು ತಿಳಿದಿರಬೇಕು. ಆತ 1780ರಲ್ಲಿ ದಕ್ಷಿಣ ಫ್ರಾನ್ಸಿನ ಮೊಂತೊಬಾನಿನಲ್ಲಿ ಹುಟ್ಟಿದ. ಆ ಕಾಲದ ಹೆಸರಾಂತ ಫ್ರೆಂಚ್ ಚಿತ್ರಕಾರ ದಾವಿದನ ಶಿಷ್ಯ. ರೋಮಿನಲ್ಲಿ ಕಲಿಯಲು ಫ್ರಾನ್ಸ್ ಕೊಡುತ್ತಿದ್ದ ರೋಮ್ ಬಹುಮಾನವನ್ನು 1801ರಲ್ಲಿ ಗೆದ್ದು 1806ರಲ್ಲಿ ಅಲ್ಲಿಗೆ ಹೋದ. ಆಶ್ರಯ ತಪ್ಪಿದ ದಿನಗಳಲ್ಲಿ ಅಲ್ಲಿಗೆ ಬರುವ ಪ್ರವಾಸಿಗರ ಮುಖವನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟು ಹೊಟ್ಟೆ ಹೊರೆದ. ಬಣ್ಣಕ್ಕಿಂತ ರೇಖೆ ದೊಡ್ಡದು, ರೇಖೆಯೇ ಕಲೆಯ ಪ್ರಾಮಾಣಿಕತೆ ಎಂಬುದು ಆತನ ನಂಬಿಕೆ. ಬಣ್ಣದ ಆವೇಗವನ್ನೇ ನೆಚ್ಚಿದ ದೆಲಕ್ರುವಾನೊಂದಿಗೆ ಜೀವನವಿಡೀ ನಡೆದ ಜಗಳದ ಮೂಲವೂ ಇದೇ. ಆತ ಕುಂಚದ ಗುರುತು ಮೇಲ್ಮೈಯಲ್ಲಿ ಉಳಿಯಲು ಬಿಡುತ್ತಿರಲಿಲ್ಲ. ಬಣ್ಣ ಎಲ್ಲೂ ಉಬ್ಬಿ ನಿಲ್ಲುವುದಿಲ್ಲ, ತೇಪೆ ಕಾಣುವುದಿಲ್ಲ. ಬಟ್ಟೆಯ ನೇಯ್ಗೆ ಕೂಡ ಬಣ್ಣದಡಿ ಅಡಗಿ, ಇಡೀ ಮೈ ದಂತದ ಹಾಗೆ ನುಣುಪಾಗಿರುತ್ತದೆ. ಭಾವಚಿತ್ರ ಬರೆಯುವುದನ್ನು ಆತ ಕೀಳು ಕೆಲಸವೆಂದೂ, ಪುರಾಣ–ಇತಿಹಾಸದ ದೊಡ್ಡ ಚಿತ್ರಗಳಿಂದ ತನ್ನನ್ನು ಎಳೆದುತರುವ ಕಾಟವೆಂದೂ ಗೊಣಗುತ್ತಿದ್ದ. ಆದರೆ ಆತನ ದೊಡ್ಡ ಚಿತ್ರಗಳು ಇಂದು ಸ್ವಲ್ಪ ಬಿಗಿದುಕೊಂಡಂತೆ ಕಾಣುತ್ತವೆ. ಉಸಿರಾಡುವುದು ಈ ಹೆಂಗಸರ ಚಿತ್ರಗಳೇ. ಇದನ್ನು ಬರೆಯುವಾಗ ಆತ ಎಪ್ಪತ್ತು ದಾಟಿದ್ದ. ಮೊದಲ ಹೆಂಡತಿ 1849ರಲ್ಲಿ ತೀರಿಕೊಂಡ ದುಃಖ ಕಳೆದು, 1852ರಲ್ಲಿ ಎರಡನೆಯ ಮದುವೆಯಾದದ್ದು ಈ ಚಿತ್ರ ಇನ್ನೂ ನಡೆಯುತ್ತಿದ್ದಾಗಲೇ.

ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಹುಡುಗ ಕಡತ ತೆರೆದವನೇ, "ಮಾಷ್ಟ್ರೇ, ಇದು ಫೋಟೋ ಅಲ್ಲವಾ?" ಎಂದು ಕೇಳಿದ. ಪ್ರಶ್ನೆ ತಪ್ಪೇನಲ್ಲ. ದಾಗೆರೋಟೈಪ್ ಎಂಬ ಮೊದಲ ಛಾಯಾಚಿತ್ರ ವಿಧಾನ ಜನರ ಮುಂದೆ ಬಂದದ್ದು 1839ರಲ್ಲಿ, ಅಂದರೆ ಈ ಚಿತ್ರ ಮುಗಿಯುವ ಹೊತ್ತಿಗೆ ಪ್ಯಾರಿಸಿನಲ್ಲಿ ಫೋಟೋ ಸ್ಟುಡಿಯೋಗಳು ತುಂಬಿದ್ದವು. ಆದರೆ ಯಾವ ಕ್ಯಾಮರಾವೂ ಈ ಹೆಂಗಸನ್ನು ಹೀಗೆ ತೋರಿಸಲಾರದು. ಹೆಗಲಿನಲ್ಲಿ ಎಲುಬಿನ ಸುಳಿವಿಲ್ಲ, ತೋಳುಗಳಲ್ಲಿ ಗಂಟುಗಳಿಲ್ಲ, ಬೆರಳುಗಳು ತುದಿಗೆ ಹೋದಂತೆ ಸಪೂರವಾಗಿ ಮುಗಿದುಹೋಗುತ್ತವೆ. ವೃತ್ತಿಯ ರೂಪದರ್ಶಿಯೊಬ್ಬಳನ್ನು ಇದೇ ಭಂಗಿಯಲ್ಲಿ ನಿಲ್ಲಿಸಿ ಆಂಗ್ರ್ ರೇಖಾಚಿತ್ರ ಮಾಡಿಕೊಂಡಿದ್ದ. ಅಂಗರಚನೆ ಗೊತ್ತಿದ್ದೇ, ರೇಖೆಗೆ ಬೇಕಾದಂತೆ ಅದನ್ನು ಬಗ್ಗಿಸಿದ. 1814ರ ಆತನ 'ಮಹಾ ಓದಲಿಸ್ಕ್' (ಅಂತಃಪುರದ ದಾಸಿ) ಚಿತ್ರದ ಹೆಂಗಸಿಗೆ ಬೆನ್ನುಮೂಳೆಯ ಮಣಿಗಳು ಹೆಚ್ಚಾಗಿವೆ ಎಂದು ಆಗಿನ ವಿಮರ್ಶಕರು ಹಂಗಿಸಿದ್ದರಂತೆ.

ಈಗ ಕ್ಯಾನ್ವಾಸ್ ಪ್ರತಿಯ ವಿಚಾರ. ಅಂಗಡಿ ಬಳಸುವುದು ಹತ್ತಿ–ಪಾಲಿಯೆಸ್ಟರ್ ಬೆರಕೆಯ, ನೇಯ್ಗೆ ಎದ್ದು ಕಾಣುವ ಬಟ್ಟೆ. ಮಾರು ದೂರದಿಂದ ನೋಡಿದರೆ ಚಿತ್ರ ಗಂಭೀರವಾಗಿದೆ, ಬಂದವರು 'ಓಹೋ, ಪೇಂಟಿಂಗ್' ಎನ್ನುತ್ತಾರೆ. ಹತ್ತಿರ ಹೋದರೆ ಕಾಣುವುದು ಆಂಗ್ರ್ ಅಲ್ಲ, ನೇಯ್ಗೆ. ಆಕೆಯ ಕೆನ್ನೆಯ ಮೇಲೆ, ಹಣೆಯ ನಡುವೆ ಸೀಳಿ ಬಾಚಿದ ಕೂದಲಿನ ಕೆಳಗೆ, ಎಲ್ಲ ಕಡೆಯೂ ಸಣ್ಣ ಸಣ್ಣ ಚೌಕಗಳು. ಮೂಲದಲ್ಲಿ ನೆರಳು ಬೆಳಕಿಗೆ ಜಾರುವ ಜಾಗಗಳಲ್ಲಿ ಎಲ್ಲಿ ಜಾರಿತೆಂದು ಹೇಳಲು ಆಗದಂತೆ ಆತ ಬರೆದಿದ್ದಾನೆ. ಇಲ್ಲಿ ಆ ಜಾರು ತರಿತರಿಯಾಗಿದೆ. ಸಾಲದ್ದಕ್ಕೆ 'ಟೆಕ್ಸ್ಚರ್ ಕೋಟಿಂಗ್' ಎಂಬ ಸೇವೆ ಬೇರೆ ಇದೆ: ಮುದ್ರಣದ ಮೇಲೆ ಪಾರದರ್ಶಕ ಅಂಟನ್ನು ಬ್ರಷ್ಷಿನಿಂದ ಬಳಿದು ಕುಂಚದ ಗೀರು ಬಂದಂತೆ ಮಾಡುವುದು. ಬಣ್ಣವನ್ನು ದಪ್ಪಗೆ ಬಳಿಯುತ್ತಿದ್ದ ವ್ಯಾನ್ ಗೋ ಚಿತ್ರಕ್ಕಾದರೆ ಇರಲಿ ಎನ್ನಬಹುದು. ಕುಂಚದ ಗುರುತನ್ನು ಅಳಿಸುವುದಕ್ಕೇ ಬದುಕು ಸವೆಸಿದವನ ಚಿತ್ರಕ್ಕೆ ದುಡ್ಡು ಕೊಟ್ಟು ಕುಂಚದ ಗುರುತು ಹಾಕಿಸುವುದನ್ನು ಏನೆನ್ನಬೇಕು? ನಾನು ಬೇಡವೆಂದೆ. ಅಂಗಡಿಯವರು ಬೇಸರಿಸದೆ ಬಿಟ್ಟರು.

ಇನ್ನೊಂದು ತೊಂದರೆ ಅಂಚಿನದು. ಕ್ಯಾನ್ವಾಸನ್ನು ಒಂದೂವರೆ ಅಂಗುಲ ದಪ್ಪದ ಮರದ ಚೌಕಕ್ಕೆ ಎಳೆದು, ಬದಿಗಳನ್ನು ಮಡಚಿ, ಹಿಂಬದಿಯಲ್ಲಿ ಸ್ಟೇಪಲ್ ಹೊಡೆಯುತ್ತಾರೆ. ಮಡಚಲು ಬೇಕಾದ ಬಟ್ಟೆಯನ್ನು ಎಲ್ಲಿಂದ ತರುವುದು? ನಾವಾಗಿ ಹೇಳದಿದ್ದರೆ ಚಿತ್ರದಿಂದಲೇ ತೆಗೆಯುತ್ತಾರೆ. ಆಗ ಮೇಲ್ಮೂಲೆಯಲ್ಲಿರುವ ಎರಡು ಮನೆತನಗಳ ಲಾಂಛನವೂ ಕೆಳಗಿನ ರುಜುವೂ ಅಂಚಿಗೆ ಸರಿಯುತ್ತವೆ ಅಥವಾ ಬದಿಗೆ ತಿರುಗಿಹೋಗುತ್ತವೆ. ಗೋಡೆಯ ಬೂದುನೀಲಿ ಬಣ್ಣವನ್ನೇ ಸುತ್ತಲೂ ಎರಡೆರಡು ಅಂಗುಲ ಹೆಚ್ಚಿಗೆ ಕೊಟ್ಟು ಮುದ್ರಿಸಿ ಎಂದು ಹೇಳಿದರೆ ಮಾಡಿಕೊಡುತ್ತಾರೆ. ಹೇಳಬೇಕು, ಅಷ್ಟೆ.

ಕಾಗದದ ಪ್ರತಿ ಬೇರೆಯೇ ಲೋಕ. ಹೊಳಪಿಲ್ಲದ, ನುಣುಪಾದ ದಪ್ಪ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಮುದ್ರಣ. ಈ ಅಂಗಡಿಯಲ್ಲಿ ಅದನ್ನು ಮದುವೆ ಆಲ್ಬಮಿನ ಕೆಲವು ವಿಶೇಷ ಪುಟಗಳಿಗೆ ಮಾತ್ರ ಇಟ್ಟುಕೊಂಡಿದ್ದಾರೆ, ಕೇಳದಿದ್ದರೆ ತೋರಿಸುವುದಿಲ್ಲ. ಸ್ಯಾಟಿನ್ ಬಟ್ಟೆಯ ಒಂದು ಜಾಗವನ್ನೇ ತೆಗೆದುಕೊಳ್ಳಿ: ಸೊಂಟದ ಕೆಳಗೆ ಲಂಗ ಉಬ್ಬಿ ಹರಡುವಲ್ಲಿ ಬೆಳಕು ಒಂದು ಮಡಿಕೆಯ ತುದಿಯಲ್ಲಿ ಬಿಳಿಯಷ್ಟಾಗಿ ಹೊಳೆದು, ಬೆರಳಗಲದಲ್ಲಿ ತಿಳಿನೀಲಿಗೆ ಇಳಿದು, ಮಡಿಕೆಯ ಒಳಗೆ ಕಪ್ಪಿಗೆ ಸಮೀಪದ ನೀಲಿಯಲ್ಲಿ ಮುಳುಗಿ, ಮರುಕ್ಷಣ ಪಕ್ಕದ ಮಡಿಕೆಯಿಂದ ತಿರುಗಿ ಬಂದ ಮಂದ ಹೊಳಪನ್ನು ಪಡೆಯುತ್ತದೆ. ಕಾಗದದಲ್ಲಿ ಈ ನಾಲ್ಕೂ ಹಂತ ಬಿಡಿಯಾಗಿ ಕಾಣುತ್ತವೆ, ಕ್ಯಾನ್ವಾಸಿನಲ್ಲಿ ನಡುವಿನ ಎರಡು ಒಂದಾಗಿಬಿಟ್ಟಿವೆ. ಉದಯಗಿರಿಯ ನೇಕಾರರ ಸಂಘದಿಂದ ಕಾಸರಗೋಡು ಸೀರೆಯನ್ನೇ ಕೊಂಡು ಉಟ್ಟುಬಂದಿರುವ ನಮ್ಮ ಅತ್ತೆ ಎರಡೂ ಪ್ರತಿಗಳ ಮುಂದೆ ನಿಂತು, ಚಿತ್ರಕಾರನ ಹೆಸರು ಕೇಳದೆಯೇ, ಕಾಗದದ್ದನ್ನು ತೋರಿಸಿ, "ಇದರಲ್ಲಿ ಬಟ್ಟೆಯ ತೂಕ ಗೊತ್ತಾಗುತ್ತದೆ ಮಾರಾಯ" ಎಂದರು. ನನ್ನ ಇಡೀ ವಿಮರ್ಶೆಗಿಂತ ಆ ಮಾತು ಹೆಚ್ಚು ಖಚಿತ.

ಆಭರಣಗಳೂ ಹಾಗೆಯೇ. ಕೊರಳಿನಲ್ಲಿ ಪ್ರಾಚೀನ ರೋಮಿನ ಮಾದರಿಯ ಗುಂಡನೆಯ ಚಿನ್ನದ ಪದಕ, ಒಂದು ಮಣಿಕಟ್ಟಿಗೆ ಸುತ್ತಿದ ಮುತ್ತಿನ ಎಳೆಗಳು, ಕಿವಿಯಲ್ಲಿ ಮುತ್ತಿನ ಗೊಂಚಲು, ಮುಡಿಯ ಬದಿಯಲ್ಲಿ ಉಸಿರು ತಾಗಿದರೆ ಹಾರೀತೆಂಬಷ್ಟು ಹಗುರಾದ ಗರಿಗಳು. ಮುತ್ತು ಒಂದೊಂದಕ್ಕೂ ಬೆಳಕಿನ ಒಂದು ಚುಕ್ಕೆ ಇದೆ. ಅರ್ಧಕ್ಕೆ ಇಳಿಸಿದ ಪ್ರತಿಯಲ್ಲೂ ಕಾಗದ ಆ ಚುಕ್ಕೆಗಳನ್ನು ಬಿಟ್ಟುಕೊಟ್ಟಿಲ್ಲ. ಕುರ್ಚಿಯ ಹಳದಿ ಬೂಟಾ ರೇಷ್ಮೆ, ಅದರ ಮೇಲೆ ಬಿಟ್ಟ ಕಸೂತಿ ಹೊದಿಕೆ, ಕೈಗವಸು, ಬೀಸಣಿಗೆ ಇವೆಲ್ಲ ಎರಡರಲ್ಲೂ ಚೆನ್ನಾಗಿಯೇ ಬಂದಿವೆ. ಚಿನ್ನದ ಬಣ್ಣವನ್ನು ನಮ್ಮ ಮುದ್ರಕರು ಎಂದೂ ಕೆಡಿಸುವುದಿಲ್ಲ, ದೇವರ ಪಟಗಳಲ್ಲಿ ಪಳಗಿದ ಕೈ.

ಕೆಟ್ಟದ್ದು ನೀಲಿ. ಮೊದಲ ಮಾದರಿಯಲ್ಲಿ ಸ್ಯಾಟಿನ್ ನೇರಳೆಗೆ ತಿರುಗಿತ್ತು. ಕಂಪ್ಯೂಟರಿನ ಪರದೆ ಬೆಳಕನ್ನು ಉಗುಳಿ ಬಣ್ಣ ತೋರಿಸುತ್ತದೆ, ಕಾಗದ ಶಾಯಿಯಿಂದ ಬೆಳಕನ್ನು ನುಂಗಿ ತೋರಿಸುತ್ತದೆ. ಪರದೆಯಲ್ಲಿ ಸಿಗುವ ಕೆಲವು ನೀಲಿಗಳು ಶಾಯಿಗೆ ಸಿಗುವುದೇ ಇಲ್ಲ, ಸಿಗದಿದ್ದಾಗ ಯಂತ್ರ ಕೆಂಪಿನ ಕಡೆಗೆ ವಾಲುತ್ತದೆ. ಹುಡುಗನಿಗೆ ಇದು ಗೊತ್ತಿತ್ತು. ನೀಲಿಯಲ್ಲಿ ಮಜೆಂಟಾ ಎಂಬ ಕಡುಗುಲಾಬಿ ಶಾಯಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ಮೂರು ಪಟ್ಟಿಗಳನ್ನು ಮುದ್ರಿಸಿ ಬೀದಿಯ ಬಿಸಿಲಿಗೆ ಒಯ್ದು ತೋರಿಸಿದ. ಟ್ಯೂಬ್‌ಲೈಟಿನಡಿ ಆಯ್ಕೆ ಮಾಡಬೇಡಿ ಎಂದದ್ದೂ ಅವನೇ. ಈ ತಾಳ್ಮೆಗೆ ಬೇರೆ ಶುಲ್ಕ ಹಾಕಲಿಲ್ಲ.

ಅದೇ ಹುಡುಗ ಮುಖದ ವಿಷಯದಲ್ಲಿ ಎಡವಿದ. ಮದುವೆಯ ಫೋಟೋಗಳಿಗೆ ರೂಢಿಯಾದ ಕೈ, ಕೇಳದೆಯೇ ಆಕೆಯ ಚರ್ಮವನ್ನು ತಿಳಿಗೊಳಿಸಿ, ಕೆನ್ನೆಗೆ ಗುಲಾಬಿ ತಂದು, ಕಣ್ಣಿನ ಬಿಳಿಯನ್ನು ಬೆಳಗಿಸಿಟ್ಟಿದ್ದ. ಪರಿಣಾಮ ವಿಚಿತ್ರವಾಗಿತ್ತು: ಪೋಲಿನ್ ಇದ್ದಕ್ಕಿದ್ದಂತೆ ನಮ್ಮನ್ನೇ ದಿಟ್ಟಿಸುವ ಜಾಹೀರಾತಿನ ಹೆಂಗಸಾದಳು. ಆಕೆ ಬಲು ಸಂಕೋಚದವಳು, ಧಾರ್ಮಿಕ ಓದು–ಬರಹದಲ್ಲಿ ಮುಳುಗಿದವಳು ಎಂದು ಪ್ರಸಿದ್ಧಿ. ಆಂಗ್ರ್ ಆ ಸಂಕೋಚವನ್ನು ಬರೆದಿರುವುದು ತುಸು ಭಾರವಾಗಿ ಇಳಿದ ರೆಪ್ಪೆಗಳಲ್ಲಿ, ನೋಡುಗನ ಕಣ್ಣನ್ನು ಸೇರಿಯೂ ಸೇರದ ನೋಟದಲ್ಲಿ, ಮಾತು ಶುರುಮಾಡದ ತುಟಿಗಳಲ್ಲಿ. ಕಣ್ಣಿನ ಬಿಳಿಯನ್ನು ಒಂದಿಷ್ಟು ಹೆಚ್ಚಿಸಿದರೆ ಇದಿಷ್ಟೂ ಹೋಯಿತು. ತಿದ್ದುಪಡಿ ತೆಗೆಸಿದ ಮೇಲೆ ಮುಖದ ತಣ್ಣನೆಯ ಬಣ್ಣ ಮರಳಿತು. ಆಂಗ್ರ್ ಕೂಡ ತಿದ್ದಿದವನೇ ಅಲ್ಲವೇ ಎಂದು ವಾದಿಸಬಹುದು. ನಿಜ, ಆದರೆ ಆತ ತಿದ್ದಿದ್ದು ತೋಳನ್ನು, ಹೆಗಲನ್ನು, ಕೊರಳನ್ನು. ನೋಟವನ್ನು ಮುಟ್ಟಲಿಲ್ಲ.

ಕಟ್ಟಿನ ಬಗ್ಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಹೂಬಳ್ಳಿಯ ಅಚ್ಚಿರುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಬೀಡಿಂಗ್ ತೋರಿಸಿದರು. ಚಿತ್ರದೊಳಗೆ ಕುರ್ಚಿಯಲ್ಲೂ ಗೋಡೆಯ ಪಟ್ಟಿಯಲ್ಲೂ ಚಿನ್ನ ಇರುವಾಗ ಹೊರಗೆ ಮತ್ತಷ್ಟು ಬೇಡ. ಒಂದಂಗುಲದ ಕಡುಕಂದು ಮರ ಸಾಕು.

ನಮ್ಮ ಮಳೆಗಾಲದ ಬಗ್ಗೆ ಮಾತ್ರ ಹೇಳಲೇಬೇಕು. ಜೂನಿನಿಂದ ಸೆಪ್ಟೆಂಬರಿನ ತನಕ ಮುರಕಲ್ಲಿನ ಗೋಡೆ ನೀರು ಕುಡಿದು ನಿಂತಿರುತ್ತದೆ, ಬೀರುವಿನೊಳಗಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಕ್ಯಾನ್ವಾಸ್ ಪ್ರತಿ ಆಷಾಢದಲ್ಲಿ ಒಂದು ಮೂಲೆಯಿಂದ ಸಡಿಲಗೊಂಡು ಅಲೆಯೆದ್ದಿತು. ಮಳೆ ಬಿಟ್ಟ ಮೇಲೆ ಬಿಗಿಯಾಯಿತಾದರೂ ಮೊದಲಿನಷ್ಟಲ್ಲ. ಕಾಗದಕ್ಕೆ ಗಾಜು ಬೇಕೇ ಬೇಕು, ಆದರೆ ಗಾಜು ಮುದ್ರಣಕ್ಕೆ ತಾಗಬಾರದು. ತಾಗಿದಲ್ಲಿ ಹಬೆ ಕೂತು ಶಾಯಿ ಅಂಟುತ್ತದೆ. ನಡುವೆ ಸುತ್ತಲೂ ಎರಡು ಅಂಗುಲ ಅಗಲದ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಪಟ್ಟಿ ಕೊಡಿಸಿದರೆ ಗಾಳಿಗೆ ಎಡೆ ಸಿಗುತ್ತದೆ. ಹಿಂಬದಿಗೆ ಎಂಡಿಎಫ್, ಅಂದರೆ ಮರದ ನಾರನ್ನು ಅದುಮಿ ಮಾಡಿದ ಹಲಗೆ ಹಾಕುವುದು ಅಂಗಡಿಯ ರೂಢಿ, ಅದು ತೇವ ಹೀರಿ ಊದಿಕೊಳ್ಳುತ್ತದೆ. ಕೇಳಿದರೆ ತೆಳು ಪ್ಲೈವುಡ್ ಹಾಕಿ, ಸುತ್ತ ಕಂದು ಟೇಪ್ ಅಂಟಿಸಿ ಕೊಡುತ್ತಾರೆ. ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಗುಂಡಿ ಅಂಟಿಸಿ ಗೋಡೆಯಿಂದ ಅರ್ಧ ಅಂಗುಲ ದೂರ ನಿಲ್ಲಿಸಿದ್ದೇನೆ. ಹೀಗೆ ಒಂದು ಮಳೆಗಾಲ ಕಳೆದ ಕಾಗದದ ಪ್ರತಿಯಲ್ಲಿ ಸದ್ಯಕ್ಕೆ ಯಾವ ಕಲೆಯೂ ಇಲ್ಲ. ಗಾಜಿನಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸುವುದು ಕಾಗದದ ದೊಡ್ಡ ಕೊರತೆ. ಹಗಲು ಹತ್ತರಿಂದ ಹನ್ನೆರಡರ ತನಕ ಚಿತ್ರಕ್ಕಿಂತ ನಮ್ಮ ಅಂಗಳದ ಅಡಿಕೆಮರಗಳೇ ಹೆಚ್ಚು ಕಾಣುತ್ತವೆ. ಕಿಟಕಿಗೆ ಎದುರಾಗದ ಗೋಡೆ ಇದ್ದವರು ಅಲ್ಲೇ ಹಾಕಿ.

ಖರ್ಚು ಮೌಂಟ್, ಗಾಜು, ಮರದ ಕಟ್ಟು ಎಲ್ಲ ಸೇರಿಯೂ ಕ್ಯಾನ್ವಾಸಿಗಿಂತ ಕಾಗದದ್ದೇ ಕಡಿಮೆ ಬಿತ್ತು. ಕೊಟ್ಟ ಮಾತಿಗಿಂತ ಒಂದು ವಾರ ತಡವಾಯಿತು, ಮದುವೆಯ ಸೀಸನ್ ಎಂದರು. ಕನ್ನಡ, ಮಲಯಾಳ, ತುಳು ಮೂರರಲ್ಲೂ ವ್ಯವಹರಿಸುತ್ತಾರೆ, ಬಿಲ್ಲು ಮಲಯಾಳದಲ್ಲಿ. ಆರ್ಡರ್ ಬರೆಸುವಾಗ ಚೀಟಿಯ ಮೇಲೆ ಮೂರು ಸಂಗತಿ ಬರೆಸಿಕೊಳ್ಳಿ: ಮುಖ ತಿದ್ದಬಾರದು, ಅಂಚು ಕತ್ತರಿಸಬಾರದು, ತೋಳು ಮತ್ತು ಲಂಗ ಸೇರುವ ಜಾಗದ ಮಾದರಿ ಪಟ್ಟಿಯನ್ನು ಹಗಲಿನಲ್ಲಿ ತೋರಿಸಿದ ಮೇಲೆಯೇ ಪೂರ್ತಿ ಮುದ್ರಿಸಬೇಕು. ಮುಂಗಡ ಅರ್ಧ ಕೊಟ್ಟರೆ ಸಾಕು, ಉಳಿದದ್ದನ್ನು ಚಿತ್ರ ನೋಡಿದ ಮೇಲೆ ಕೊಡಬಹುದು.